ಗುಡ್ಡ ಕಟ್ಟಿಂಗ್ ಇರುವ ರಸ್ತೆ ಟೆಂಡರಿಗೆ ರೇಟು ಹಾಕುವುದು ಹೇಗೆ?

ಪಡುಬಿದ್ರಿ_ಹುಡುಗ:
ಡಿಪ್ಲೊಮಾ ಮುಗಿಸಿ ಮೂರು ವರ್ಷ ಸೈಟಲ್ಲಿದ್ದೆ. ಈಗ ಮಂಗಳೂರು ಆಫೀಸಲ್ಲಿ ಎಸ್ಟಿಮೇಶನ್ನಿಗೆ ಕೂರಿಸಿದ್ದಾರೆ. ಕಾರ್ಕಳ ಕಡೆ 4 ಕಿ.ಮೀ. ರಸ್ತೆ ಅಗಲ ಮಾಡುವ ಕೆಲಸ. ಕಡಿದ ಮಣ್ಣನ್ನೇ ತಗ್ಗಿಗೆ ತುಂಬಿಸುವುದು ಅಂತ ಹಿಡಿದರೆ ರೇಟು ಚೆನ್ನಾಗಿ ಇಳಿಯುತ್ತದೆ. ಎಸ್.ಆರ್. (ಇಲಾಖೆಯ ದರಪಟ್ಟಿ) ನೋಡಿ ಹಾಕಿದರೆ ಸಾಕಾ? ಟೆಂಡರ್ ಹಾಕಲಿಕ್ಕೆ ಎಂಟು ದಿನ ಉಂಟು.

ಹಳೇ_ಟೇಪು:
ಸಾಕಾಗುವುದಿಲ್ಲ ಮಾರಾಯ. ಎಸ್.ಆರ್. ಇರುವುದು ಇಲಾಖೆಯವರು ಅಂದಾಜು ಕಟ್ಟಲಿಕ್ಕೆ. ನಿಮ್ಮ ಹಿಟಾಚಿ ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ ಅಂತ ಅದಕ್ಕೇನು ಗೊತ್ತು?

ನಾನು ಕೈ ಸುಟ್ಟುಕೊಂಡದ್ದು ಮಣ್ಣಲ್ಲೇ. ಮೇಲೆ ಒಳ್ಳೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಕಂಡಿತು, ಅಷ್ಟೂ ಫಿಲ್ಲಿಂಗಿಗೆ ಆಗುತ್ತದೆ ಅಂತ ಬರೆದೆ. ನಾಲ್ಕು ಮೀಟರ್ ಇಳಿದದ್ದೇ ಶೇಡಿ ಮಣ್ಣು! ಬಿಳಿ, ನಸುಗೆಂಪು, ಕೈಯಲ್ಲಿ ತಿಕ್ಕಿದರೆ ಪೌಡರ್ ಹಾಗೆ. ಮೊದಲ ಮಳೆಗೆ ಗಂಜಿಯಾಯಿತು. ಇದನ್ನು ತುಂಬಿಸಲು ಬಿಡುವುದಿಲ್ಲ ಅಂದರು ಇಂಜಿನಿಯರು, ಅವರು ಹೇಳಿದ್ದು ಸರಿಯೇ. ಹಾಗಾಗಿ ಶೇಡಿ ಸಾಗಿಸಲಿಕ್ಕೆ 9 ಕಿ.ಮೀ. ಲೀಡು (ಸಾಗಾಟದ ದೂರ), ಬೇರೆ ಮಣ್ಣು ತರಲಿಕ್ಕೆ 14. ಎರಡೂ ನನ್ನ ಲೆಕ್ಕದಲ್ಲಿ ಸೊನ್ನೆ. ಜುಲೈಯಲ್ಲಿ ಕಡಿದ ಗುಡ್ಡದ ಬರೆ ಬೇರೆ ಜರಿಯಿತು.

ಬೋರ್ ಲಾಗ್ (ನೆಲ ಕೊರೆದು ಯಾವ ಆಳದಲ್ಲಿ ಏನು ಸಿಕ್ಕಿತು ಅಂತ ಬರೆದದ್ದು) ಕೊಟ್ಟಿದ್ದರೆ ಓದು. ಆದರೆ ಒಮ್ಮೆ ಹೋಗಿ ಗುಡ್ಡದ ಮೇಲಿನ ಮನೆಗಳ ಬಾವಿ ಇಣುಕು. ಮುರಕಲ್ಲು ಮುಗಿದು ಶೇಡಿ ಸುರುವಾದಲ್ಲಿ ಸಾಮಾನ್ಯವಾಗಿ ಸಿಮೆಂಟ್ ರಿಂಗ್ ಇಳಿಸಿರುತ್ತಾರೆ. ಬಾವಿಯ ಆಳ ನಮ್ಮಲ್ಲಿ ಕೋಲಿನ ಅಳತೆಯಲ್ಲಿ. "ಎಷ್ಟು ಕೋಲಿಗೆ ಶೇಡಿ ಸಿಕ್ಕಿತು?" ಅಂತ ಕೇಳಿದರೆ ಬಾವಿ ತೋಡಿಸಿದವರು ಮರೆತಿರುವುದಿಲ್ಲ. ಬಾವಿಕಟ್ಟೆಯ ಲೆವೆಲ್ಲನ್ನು ರಸ್ತೆ ಲೆವೆಲ್ಲಿಗೆ ತಾಳೆ ಹಾಕಿ ನೋಡು, ಅಷ್ಟೆ.

ಇನ್ನೊಂದು, ಜಲ್ಲಿ. 7 ಮೀಟರ್ ಅಗಲ, 250 ಮಿ.ಮೀ. ದಪ್ಪ ವೆಟ್ ಮಿಕ್ಸ್ (ನೀರು ಬೆರೆಸಿ ಹಾಸುವ ಜಲ್ಲಿ) ಅಂದರೆ ಕಿ.ಮೀ.ಗೆ 1,750 ಘನ ಮೀಟರ್. ಅದು ರೋಲರ್ ಹೊಡೆದ ಮೇಲಿನದ್ದು. ಕ್ವಾರಿಯಿಂದ ಬರುವ ಲೂಸ್ ಲೆಕ್ಕಕ್ಕೆ 1.32ರಿಂದ ಗುಣಿಸು, 2,310 ಆಗುತ್ತದೆ. ಬಿಟ್ಟರೆ ಕಿ.ಮೀ.ಗೆ 14 ಘನ ಮೀಟರಿನ ಟಿಪ್ಪರಲ್ಲಿ ನಲವತ್ತು ಲೋಡ್ ನಿಮ್ಮ ಸಾಹುಕಾರರ ಕಿಸೆಯಿಂದ.

ಬಿ.ಸಿ.ರೋಡ್_ಬಿಲ್ಲಿಂಗ್:
ಮಳೆಗಾಲದ ದಿನಗಳನ್ನು ಕಳೆದು ಕೆಲಸದ ದಿನ ಎಣಿಸಿ ಮಾರ್ರೆ. 18 ತಿಂಗಳ ಕೆಲಸ ಜೂನಲ್ಲಿ ಸುರುವಾದರೆ ಎರಡು ಮಳೆಗಾಲ ಹೋಗಿ ಕೈಗೆ ಸಿಗುವುದು ಹತ್ತೇ ತಿಂಗಳು. ಸ್ಟಾಫ್ ಸಂಬಳ, ಕ್ಯಾಂಪ್ ಬಾಡಿಗೆ ಮಾತ್ರ ಹದಿನೆಂಟಕ್ಕೂ ಉಂಟು.

ಪಡುಬಿದ್ರಿ_ಹುಡುಗ:
ನಿನ್ನೆ ಹೋಗಿ ಮೂರು ಬಾವಿ ನೋಡಿದೆ. ಗುಡ್ಡದ ತಲೆಯಲ್ಲಿರುವ ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು, "ಆರು ಕೋಲಿಗೇ ಶೇಡಿ ಮಗಾ" ಅಂದರು. ಕೋಲಿಗೆ ಎರಡೂವರೆ ಅಡಿ ಹಿಡಿದರೂ ನಾಲ್ಕೂವರೆ ಮೀಟರ್. ಅಲ್ಲಿ ನಮ್ಮ ಕಟ್ಟಿಂಗ್ ಎಂಟು!

ಹಳೇ_ಟೇಪು:
ಹಾಗಾದರೆ ಕೆಳಗಿನ ಮೂರೂವರೆ ಪೂರಾ ಡಂಪಿಂಗಿಗೆ ಬರೆ. ಡಂಪ್ ಮಾಡುವ ಜಾಗದ ಬಾಡಿಗೆ ಬಿಡಬೇಡ, ನಾನು ಅದನ್ನೂ ಬಿಟ್ಟಿದ್ದೆ.