ಜೊತೆಗಾರರ ಫೋಟೋ ಬಗ್ಗೆ ಅಭಿಪ್ರಾಯ ಹೇಳುವುದು ಹೇಗೆ?

ಪ್ರಶ್ನೆ (ಉಡುಪಿಯ ಹವ್ಯಾಸಿ)

ನಾವು ಹತ್ತು ಹನ್ನೆರಡು ಮಂದಿ ತಿಂಗಳಿಗೊಂದು ಭಾನುವಾರ ಸೇರಿ, ತಲಾ ಮೂರು ಚಿತ್ರಗಳನ್ನು ಪ್ರೊಜೆಕ್ಟರಿನಲ್ಲಿ ಹಾಕಿ ನೋಡುತ್ತೇವೆ. ಹೆಚ್ಚಿನವರು ‘ಸೂಪರ್’ ಎಂದು ಹೇಳಿ ಸುಮ್ಮನಾಗುವುದರಿಂದ, ಕಳೆದ ತಿಂಗಳು ನಾನು ಸ್ವಲ್ಪ ಬಿಡಿಸಿ ಹೇಳಲು ಹೋದೆ. ಕಾಲೇಜಿಗೆ ಹೋಗುವ ಹುಡುಗನೊಬ್ಬ ಕಂಬಳದ ಚಿತ್ರ ತಂದಿದ್ದ. ಕೋಣಗಳ ಮುಖದಲ್ಲಿ ಫೋಕಸ್ ಇಲ್ಲ, ಶಟರ್ ವೇಗ ಸಾಲದು, ಬಲಗಡೆ ಯಾರದೋ ಮೊಬೈಲ್ ಹಿಡಿದ ಕೈ ನುಗ್ಗಿದೆ, ಕೋಣಗಳು ಓಡುವ ಕರೆಯ ಅಂಚು ಓರೆಯಾಗಿದೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ‘ಸರಿ ಸರ್’ ಎಂದ ಹುಡುಗ ಈ ತಿಂಗಳೂ ಬಂದು ಕೊನೆಯವರೆಗೆ ಕುಳಿತಿದ್ದ, ಆದರೆ ಚಿತ್ರ ಮಾತ್ರ ತಂದಿರಲಿಲ್ಲ. ಹೊಗಳಿ ಕೂರಿಸುವುದು ನನಗೆ ಆಗದು; ಹಾಗೆಂದು ಕಲಿಯುವವನ ಕೈ ಕಟ್ಟಿಹಾಕುವುದೂ ಬೇಡ. ಅನುಭವಸ್ಥರು ಏನು ಮಾಡುತ್ತೀರಿ?

ಉತ್ತರ 1 (ಮಂಗಳೂರು)

ಮೊದಲು ಒಂದು ಮಾತು ಕೇಳುತ್ತೇನೆ: ಅದು ಯಾವ ವಿಭಾಗದ ಓಟ? ಹಗ್ಗವೋ ನೇಗಿಲೋ ಆಗಿದ್ದರೆ ವೇಗವೇ ಮುಖ್ಯ, ಕೋಣಗಳ ಮುಖದ ಫೋಕಸ್ ಬಗ್ಗೆ ನೀವು ಹೇಳಿದ್ದು ಸರಿ. ಕನೆಹಲಗೆ ಆಗಿದ್ದರೆ ಅಲ್ಲಿ ಯಾರು ಮೊದಲು ಬಂದರು ಎಂಬ ಲೆಕ್ಕವೇ ಇಲ್ಲ. ಕೋಣಗಳು ಎಳೆಯುವ ಹಲಗೆಯ ತೂತುಗಳಿಂದ ಚಿಮ್ಮುವ ನೀರು 6.5 ಕೋಲು ಅಥವಾ 7.5 ಕೋಲು (ಕೋಲು ಎಂದರೆ ಇಲ್ಲಿನ ಎತ್ತರದ ಅಳತೆ) ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ಹಾಯಿತೇ ಎಂಬುದಷ್ಟೇ ತೀರ್ಪು. ಹಾಗಾದರೆ ಆ ಚಿತ್ರದ ಜೀವ ಇರುವುದು ನೀರಿನ ತುದಿಯಲ್ಲಿ ಮತ್ತು ನಿಶಾನೆಯ ಬಟ್ಟೆಯಲ್ಲಿ. ಅವೆರಡೂ ಚೌಕಟ್ಟಿನೊಳಗೆ ಇದ್ದರೆ ಉಳಿದ ಕೊರತೆಗಳನ್ನು ಮತ್ತೊಂದು ದಿನಕ್ಕೆ ಇಟ್ಟುಕೊಳ್ಳಬಹುದಿತ್ತು. ಮೇಲ್ಗಡೆ ಕತ್ತರಿಸಿ ಹೋಗಿದ್ದರೆ ಹೇಳಬೇಕಾದ ಒಂದೇ ಮಾತು ಅದಾಗಿತ್ತು, ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ.

ನಾನು ಒಬ್ಬರಿಗೆ ಒಂದು ಸಲಕ್ಕೆ ಒಂದೇ ಕೊರತೆ ಹೇಳುತ್ತೇನೆ, ಅದನ್ನೂ ಮುಂದಿನ ಕಂಬಳದಲ್ಲಿ ಅವರು ಮಾಡಿ ನೋಡಬಹುದಾದ ರೀತಿಯಲ್ಲಿ. ‘ಶಟರ್ ಸಾಲದು’ ಎಂದರೆ ಹುಡುಗನಿಗೆ ಏನೂ ಸಿಕ್ಕಿದಂತಾಗುವುದಿಲ್ಲ. ‘ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದುಕೋ, ನಿಶಾನೆಯನ್ನು ಮೊದಲೇ ಫ್ರೇಮಿನೊಳಗೆ ಇಟ್ಟು ಕೋಣಗಳು ಅಲ್ಲಿಗೆ ಬರುವ ತನಕ ಕಾಯಿ, ಹನಿಗಳು ಬಿಡಿಬಿಡಿಯಾಗಿ ನಿಲ್ಲಬೇಕಾದರೆ ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ಕೆಳಗೆ ಇಳಿಸಬೇಡ’ ಎಂದರೆ ಅವನು ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಾರವೇ ಹೊರಡುತ್ತಾನೆ.

ಪ್ರಶ್ನೆ ಕೇಳಿದವರು

ಕನೆಹಲಗೆಯೇ. ಈಗ ಚಿತ್ರವನ್ನು ಮತ್ತೆ ತೆರೆದು ನೋಡಿದೆ. ನೀರಿನ ತುದಿ ಮೇಲಂಚಿನಲ್ಲಿ ತುಂಡಾಗಿದೆ. ಅದನ್ನು ಬಿಟ್ಟು ಮೊಬೈಲ್ ಹಿಡಿದ ಕೈಯನ್ನು ಕಂಡವನು ನಾನು.

ಉತ್ತರ 2 (ಮಣಿಪಾಲ)

ಮೇಲಿನವರ ಮಾತನ್ನು ಬಹುಮಟ್ಟಿಗೆ ಒಪ್ಪಿದರೂ, ತೆಗೆದವರನ್ನು ಮೊದಲೇ ಪ್ರಶ್ನಿಸುವ ಕ್ರಮ ನನಗೆ ಹಿಡಿಸುವುದಿಲ್ಲ. ಬಾಯಿ ಬಿಟ್ಟ ಕೂಡಲೇ ಅವರು ಚಿತ್ರದಲ್ಲಿ ಇಲ್ಲದ್ದನ್ನೆಲ್ಲ ಮಾತಿನಿಂದ ತುಂಬಿಸುತ್ತಾರೆ, ನಾವೂ ಅದನ್ನೇ ಕಂಡವರಂತೆ ತಲೆದೂಗುತ್ತೇವೆ. ನಮ್ಮಲ್ಲಿ ಚಿತ್ರ ಹಾಕಿದ ಮೇಲೆ ಅರ್ಧ ನಿಮಿಷ ಯಾರೂ ಮಾತನಾಡುವಂತಿಲ್ಲ. ಬಳಿಕ ಪ್ರತಿಯೊಬ್ಬರೂ ತಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು ಎಂಬುದನ್ನಷ್ಟೇ ಹೇಳಬೇಕು. ಒಮ್ಮೆ ಒಬ್ಬರು ಯಕ್ಷಗಾನದ ಚಿತ್ರ ತಂದಿದ್ದರು. ವೇಷಧಾರಿ ಗಿರಕಿ ಹೊಡೆಯುತ್ತಿದ್ದಾಗಿನ ಬಣ್ಣಗಳ ಸುಳಿ ಬಹಳ ಸೊಗಸಾಗಿತ್ತು. ಆದರೆ ಏಳು ಮಂದಿಯಲ್ಲಿ ಐವರು ‘ಎಡ ಮೂಲೆಯ ಬಿಳಿ ಟ್ಯೂಬ್‌ಲೈಟ್’ ಎಂದರು. ಅದನ್ನು ತಪ್ಪೆಂದು ಯಾರೂ ಕರೆಯಬೇಕಾಗಲಿಲ್ಲ. ತೆಗೆದವರು ತಾವೇ ಎದ್ದು ಲ್ಯಾಪ್‌ಟಾಪಿನಲ್ಲಿ ಆ ಮೂಲೆಯನ್ನು ಕ್ರಾಪ್ ಮಾಡಿ ತೋರಿಸಿದರು.

ಇನ್ನೊಂದು ವಿಷಯ. ಓರೆ, ಬಣ್ಣ, ಕ್ರಾಪ್ ಮನೆಯಲ್ಲಿ ಕೂತು ಸರಿಪಡಿಸುವಂಥವು. ನಿಂತ ಜಾಗ, ಬೆಳಕು, ಕ್ಷಣ ಹಾಗಲ್ಲ. ಇವೆರಡನ್ನೂ ಒಂದೇ ದನಿಯಲ್ಲಿ ಹೇಳಿದರೆ ಹೊಸಬರಿಗೆ ಎಲ್ಲವೂ ಕೈಮೀರಿದ್ದೇ ಅನ್ನಿಸುತ್ತದೆ.

ಉತ್ತರ 3 (ಕಾಪು)

ನಮ್ಮೂರಿನ 1901ರ ದೀಪಸ್ತಂಭವನ್ನು ವೈಡ್ ಲೆನ್ಸಿನಲ್ಲಿ ತೆಗೆದು ತೋರಿಸಿದಾಗ ‘ಗೋಪುರ ಹಿಂದಕ್ಕೆ ವಾಲಿದೆ, ತಿರುಗಿಸಿ ನೇರ ಮಾಡಿ’ ಎಂಬ ಸಲಹೆ ನನಗೆ ಎಷ್ಟು ಸಲ ಬಂದಿದೆಯೋ! ಕ್ಯಾಮೆರಾವನ್ನು ಮೇಲಕ್ಕೆ ಎತ್ತಿದರೆ ನೇರ ಗೆರೆಗಳು ಮೇಲ್ಗಡೆ ಒಂದಕ್ಕೊಂದು ಹತ್ತಿರವಾಗುತ್ತವೆ. ಚಿತ್ರವನ್ನು ತಿರುಗಿಸಿದರೆ ಗೋಪುರ ಸರಿಯಾಗುವುದಿಲ್ಲ, ಹಿಂದಿನ ಕಡಲು ಓರೆಯಾಗುತ್ತದೆ. ದೂರ ನಿಂತು ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿಯಬೇಕು, ಇಲ್ಲವೇ ಸಾಫ್ಟ್‌ವೇರಿನಲ್ಲಿ ಪರ್ಸ್ಪೆಕ್ಟಿವ್ ತಿದ್ದಬೇಕು. ಹಾಗೆಯೇ, ಬೆಳ್ಳಕ್ಕಿಯ ಹಿಂದಿನ ಕರೆಂಟು ತಂತಿಯನ್ನು ಅಳಿಸಿಬಿಡಿ ಎಂದು ಹೇಳುವವರು, ಚಿತ್ರ ಹೋಗುವುದು ಸಲೂನ್ ಎಂದು ಕರೆಯುವ ಛಾಯಾಚಿತ್ರ ಸ್ಪರ್ಧೆಯ ನೇಚರ್ ವಿಭಾಗಕ್ಕೆ ಅಲ್ಲ ತಾನೇ ಎಂದು ಮೊದಲು ಕೇಳಿಕೊಳ್ಳಲಿ. ಅಲ್ಲಿ ಕ್ರಾಪ್ ಮಾಡಬಹುದು, ಇದ್ದದ್ದನ್ನು ಅಳಿಸುವಂತಿಲ್ಲ. ಗೊತ್ತಿಲ್ಲದ ಸಲಹೆಗಿಂತ ನಿಮ್ಮ ‘ಸೂಪರ್’ ಗುಂಪಿನವರೇ ವಾಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹುಡುಗನಿಗೆ ಫೋನ್ ಮಾಡಿ, ನಾನು ಮುಖ್ಯವಾದದ್ದನ್ನೇ ನೋಡಿರಲಿಲ್ಲ ಎಂದು ಒಪ್ಪಿಕೊಂಡು, ಅದೇ ಓಟದ ಬೇರೆ ಫ್ರೇಮುಗಳಿವೆಯೇ ಎಂದು ವಿಚಾರಿಸಿದೆ. ರಾತ್ರಿ ಹನ್ನೊಂದು ಫ್ರೇಮುಗಳನ್ನು ಕಳುಹಿಸಿದ್ದಾನೆ. ಐದನೆಯದರಲ್ಲಿ ನೀರು ನಿಶಾನೆಗೆ ತಾಗಿರುವುದು ಸ್ಪಷ್ಟವಾಗಿ ಕಾಣುತ್ತದೆ. ಮೊಬೈಲ್ ಹಿಡಿದ ಕೈ ಅದರಲ್ಲೂ ಇದೆ; ಆ ವಿಷಯ ಎತ್ತಲಿಲ್ಲ.