ಅಜ್ಜ ಜೈಲಿಗೆ ಹೋದ ಪಾರ್ಟಿ 1977ರಲ್ಲಿ ನಮ್ಮೂರಲ್ಲೇ ಸೋತಿತು, ಯಾಕೆ?

ಬಿಜೈಯವ:
ಕಳೆದ ವಾರ ಮೂಡುಬಿದಿರೆ ಹತ್ತಿರದ ನಮ್ಮ ಹಳೇ ಮನೆಯ ಅಟ್ಟ ಗುಡಿಸುವಾಗ ಅಜ್ಜನ ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ 1976ರಲ್ಲಿ ಜೈಲಿನಿಂದ ಅಜ್ಜಿಗೆ ಬರೆದ ಒಂದು ಇನ್‌ಲ್ಯಾಂಡ್ ಪತ್ರ. ಮೂರು ಸಾಲಿಗೆ ಕಪ್ಪು ಶಾಯಿ ಬಳಿದಿದ್ದಾರೆ, ಬೆಳಕಿಗೆ ಹಿಡಿದರೂ ಕಾಣುವುದಿಲ್ಲ. ಉಳಿದದ್ದು ಮನೆಯ ಮಾತು. ಮಾಡಿಗೆ ಮುಳಿಹುಲ್ಲು ಹಾಕಿಸಿದಿರಾ, ಚಿಕ್ಕವನ ಜ್ವರ ಬಿಟ್ಟಿತಾ, ಡಿಕ್ಲರೇಶನ್ ಕೊಟ್ಟಾಯಿತಾ ಅಂತ. ಅಜ್ಜ ಸೋಶಿಯಲಿಸ್ಟ್ ಪಾರ್ಟಿಯವರು. ತುರ್ತು ಪರಿಸ್ಥಿತಿಯಲ್ಲಿ 11 ತಿಂಗಳು ಒಳಗಿದ್ದರು. ಆಮೇಲೆ ಅವರ ಪಾರ್ಟಿ ಎಲ್ಲಿ ಹೋಯಿತು? ದೇಶ ಇಂದಿರಾ ಗಾಂಧಿಯನ್ನು ಸೋಲಿಸಿದಾಗ ಮಂಗಳೂರು, ಉಡುಪಿ ಎರಡೂ ಕಾಂಗ್ರೆಸ್‌ಗೇ ಹೋದದ್ದು ಹೇಗೆ?

ಹಂಪನಕಟ್ಟೆ:
ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ. ಆ ಪಾರ್ಟಿಯ ಅಧ್ಯಕ್ಷರೇ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್. 1975 ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂದ ಮೇಲೆ ಅವರು ತಲೆಮರೆಸಿಕೊಂಡು ಊರೂರು ತಿರುಗಿದರು, 1976ರ ಜೂನ್‌ನಲ್ಲಿ ಕಲ್ಕತ್ತಾದಲ್ಲಿ ಸಿಕ್ಕಿಬಿದ್ದರು. ಅದಕ್ಕೂ ಮೊದಲು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದು, ಅಣ್ಣ ಎಲ್ಲಿ ಅಂತ ಕೇಳಿ ಕೇಳಿ ಹಿಂಸೆ ಕೊಟ್ಟರು. ನಟಿ ಸ್ನೇಹಲತಾ ರೆಡ್ಡಿ ಅವರಿಗೆ ಆಸ್ತಮಾ ಇತ್ತು. ಅವರನ್ನೂ ಬೆಂಗಳೂರು ಜೈಲಿನಲ್ಲಿಟ್ಟರು, ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಕ್ಕೆ 1977 ಜನವರಿ 20ರಂದು ಅವರು ತೀರಿಕೊಂಡರು. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ.
ಅದೇ ಜನವರಿ 23ಕ್ಕೆ ಜನತಾ ಪಾರ್ಟಿ ಹುಟ್ಟಿತು. ಸೋಶಿಯಲಿಸ್ಟರು, ಜನಸಂಘ, ಇಂದಿರಾರಿಂದ ಬೇರೆಯಾಗಿದ್ದ ಸಂಸ್ಥಾ ಕಾಂಗ್ರೆಸ್, ಲೋಕದಳ ಎಲ್ಲ ಒಂದೇ ಸೂರಿನಡಿ. ಜೈಲಿನಲ್ಲಿ ಒಟ್ಟಿಗೆ ಉಂಡು ಮಲಗಿದವರು ಅಲ್ವಾ, ಹೊರಗಿದ್ದಾಗ ಮಾತೇ ಆಡದವರಿಗೂ ಅಲ್ಲಿ ಸ್ನೇಹವಾಯಿತು. ಎರಡು ತಿಂಗಳೊಳಗೆ ಚುನಾವಣೆ. ಜಾರ್ಜ್ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರ್‌ಪುರದಲ್ಲಿ ಗೆದ್ದರು. ಆದರೆ ಕರ್ನಾಟಕದ 28 ಸೀಟಲ್ಲಿ ಜನತಾಕ್ಕೆ ಸಿಕ್ಕಿದ್ದು 2. ನನಗಂತೂ ಇದು ನಮ್ಮ ಜನರ ಮರೆವು ಅಂತಲೇ ಕಾಣುತ್ತದೆ.

ಕಲ್ಯಾಣಪುರದಿಂದ:
ಮರೆವು ಅಂತ ಹೇಳಬೇಡಿ ಮಾರಾಯ್ರೆ. ನಮ್ಮದು ಒಕ್ಕಲು ಮನೆ. ಗದ್ದೆ ಉತ್ತು ಬಿತ್ತಿದ್ದು ನಾವು, ಭೂಮಿ ಧಣಿಗಳದ್ದು. ಕೊಯ್ಲಾದ ಮೇಲೆ ಗೇಣಿಗೆ, ಅಂದರೆ ಭೂಮಿಯ ಬಾಡಿಗೆಗೆ, ಕೊಡಬೇಕಾದ ಅಕ್ಕಿಯನ್ನು ಹುಲ್ಲಿನ ಮುಡಿ ಕಟ್ಟಿ ಧಣಿಗಳ ಅಂಗಳದಲ್ಲಿ ಇಳಿಸಿದ ಮೇಲೆಯೇ ನಮ್ಮ ಪಾಲು. ಮುಡಿ ಹೊತ್ತು ಹೊತ್ತು ನನ್ನ ದೊಡ್ಡಪ್ಪನ ಬಲ ಹೆಗಲು ಎಡಗಡೆಗಿಂತ ತಗ್ಗಿಹೋಗಿತ್ತು, ಅಂಗಿ ಹಾಕಿದರೂ ಗೊತ್ತಾಗುತ್ತಿತ್ತು. 1974ರಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿ ದೇವರಾಜ ಅರಸರ ಕಾನೂನು ಬಂತು, ಉಳುವವನೇ ಹೊಲದೊಡೆಯ ಅಂತ. ಈ ಗದ್ದೆ ಉಳುವವರು ನಾವು, ನಮ್ಮ ಹೆಸರಿಗೆ ಮಾಡಿ ಅಂತ ಫಾರ್ಮ್ ನಂಬರ್ 7 ತುಂಬಿ ಭೂ ಟ್ರಿಬ್ಯುನಲ್‌ಗೆ ಕೊಡಬೇಕಿತ್ತು. ಅದಕ್ಕೇ ಇಲ್ಲಿ ಡಿಕ್ಲರೇಶನ್ ಅನ್ನುವುದು. ತುರ್ತು ಪರಿಸ್ಥಿತಿಯ ಆ 21 ತಿಂಗಳಲ್ಲೇ ಇಲ್ಲಿ ಎಷ್ಟೋ ಮನೆಗೆ ಭೂಮಿ ಬಂತು. ಪೇಪರಿನಲ್ಲಿ ಸೆನ್ಸಾರ್, ಉತ್ತರದಲ್ಲಿ ಗಂಡಸರನ್ನು ಹಿಡಿದು ಸಂತಾನಹರಣ ಆಪರೇಶನ್ ಮಾಡಿಸಿದ್ದು ನಮ್ಮ ಹಳ್ಳಿಗೆ ಸರಿಯಾಗಿ ಮುಟ್ಟಲೇ ಇಲ್ಲ. ಜನತಾದ ಚಿಹ್ನೆ ನೇಗಿಲು ಹೊತ್ತ ರೈತ. ಆದರೆ ನೇಗಿಲು ಹಿಡಿದ ನಮಗೆ ಗದ್ದೆ ಕೊಟ್ಟದ್ದು ಹಸು-ಕರುವಿನ ಚಿಹ್ನೆಯ ಕಾಂಗ್ರೆಸ್. ದೊಡ್ಡಪ್ಪ ಆ ಪಾರ್ಟಿಗೇ ಮುದ್ರೆ ಒತ್ತಿದರು. ಜೈಲಿಗೆ ಹೋದವರ ಮೇಲೆ ಅವರಿಗೆ ಒಂದು ಚೂರೂ ಸಿಟ್ಟಿರಲಿಲ್ಲ.

ಹಂಪನಕಟ್ಟೆ:
ಒಪ್ಪಿದೆ, ಮರೆವು ಅನ್ನಬಾರದಿತ್ತು. ಆದರೆ ಇದನ್ನೂ ಸೇರಿಸಿ. ಗೇಣಿದಾರನ ಪರವಾಗಿ 1951ರಲ್ಲಿ ಸಾಗರದ ಕಾಗೋಡಿನಲ್ಲಿ ಹೋರಾಡಿದ್ದು ಶಾಂತವೇರಿ ಗೋಪಾಲಗೌಡರು, ಸೋಶಿಯಲಿಸ್ಟರು. ಸೋಶಿಯಲಿಸ್ಟ್ ನಾಯಕ ಲೋಹಿಯಾ ಅಲ್ಲಿಗೆ ಬಂದು ಅರೆಸ್ಟ್ ಆಗಿದ್ದರು. ಅವರು ಕೇಳಿದ್ದನ್ನು ಅರಸು ಜಾರಿಗೆ ತಂದರು. ಮನೆಮನೆಗೆ ಭೂಮಿ ಬರುವಾಗ ಆ ಪಾರ್ಟಿಯ ಎಷ್ಟೋ ಮಂದಿ ಜೈಲಿನಲ್ಲಿದ್ದರು.

ಬಿಜೈಯವ:
ಡಿಕ್ಲರೇಶನ್ ಅಂದರೆ ಇದಾ! ಈಗಷ್ಟೇ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ಗದ್ದೆಯೂ ಚಾಲಗೇಣಿಯದ್ದಂತೆ, ಅಂದರೆ ಧಣಿಗಳು ಬೇಕೆಂದಾಗ ಬಿಡಿಸಬಹುದಾದ ಗೇಣಿ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಪಕ್ಕದ ಮನೆಯ ಮಾಸ್ಟ್ರ ಹತ್ತಿರ ಫಾರ್ಮ್ ತುಂಬಿಸಿ, ಹೆಬ್ಬೆಟ್ಟು ಒತ್ತಿ, ಅಪ್ಪನನ್ನು ಕರೆದುಕೊಂಡು ಅವರೇ ಕೊಟ್ಟು ಬಂದರಂತೆ. ಪತ್ರ ಬಂದ ಮಾರನೇ ದಿನವೇ.