ಹಾರಾಟದ ನಡುವೆ ಮಗುವಿಗೆ ಕಾಕ್‌ಪಿಟ್ ತೋರಿಸಲು ಅವಕಾಶವಿದೆಯೇ?

ಪ್ರಶ್ನೆ (ಹಾಸನದಿಂದ):
ಮುಂದಿನ ತಿಂಗಳು ನಾವು ಹಾಸನದಿಂದ ಕಾರಿನಲ್ಲಿ ದೇವನಹಳ್ಳಿಗೆ ಹೋಗಿ, ಅಲ್ಲಿಂದ ದೆಹಲಿಗೆ ವಿಮಾನದಲ್ಲಿ ಹೊರಡಲಿದ್ದೇವೆ. ಒಂಬತ್ತು ವರ್ಷದ ನನ್ನ ಮಗನಿಗೆ ಇದು ಮೊದಲ ವಿಮಾನಯಾನ. ತೊಂಬತ್ತರ ದಶಕದಲ್ಲಿ ಹಾರಾಟದ ನಡುವೆಯೇ ಪೈಲಟ್ ಒಬ್ಬರು ತಮ್ಮನ್ನು ಕಾಕ್‌ಪಿಟ್‌ಗೆ, ಅಂದರೆ ಪೈಲಟ್‌ಗಳು ಕೂರುವ ಕೋಣೆಯೊಳಗೆ, ಕರೆದು ಎಲ್ಲವನ್ನೂ ತೋರಿಸಿದ್ದನ್ನು ನಮ್ಮ ತಂದೆಯವರು ಇಂದಿಗೂ ವರ್ಣಿಸುತ್ತಿರುವುದರಿಂದ, ಮೊಮ್ಮಗನೂ ಅದೇ ಹಟ ಹಿಡಿದಿದ್ದಾನೆ. ಮೊದಲೇ ಪತ್ರ ಬರೆದು ಕೇಳಿಕೊಂಡರೆ ಅನುಮತಿ ದೊರೆಯಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಚಿಕ್ಕಮಗಳೂರಿನಿಂದ):
ನಾನು ಕೆಲವು ವರ್ಷ ವಿಮಾನದ ಕ್ಯಾಬಿನ್ ಸಿಬ್ಬಂದಿಯಾಗಿದ್ದವಳು. ಹಾರಾಟದಲ್ಲಿ ಅವಕಾಶವಿಲ್ಲ, ಪತ್ರ ಬರೆದರೂ ಇಲ್ಲ. ನಿಮ್ಮ ತಂದೆಯವರು ಹೇಳುವುದು ನಿಜವೇ ಇರಬೇಕು, ಏಕೆಂದರೆ ಆಗ ಅದು ಕ್ಯಾಪ್ಟನ್ ಅವರ ಇಷ್ಟಕ್ಕೆ ಬಿಟ್ಟ ಸೌಜನ್ಯವಾಗಿತ್ತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಂತರರಾಷ್ಟ್ರೀಯ ನಿಯಮವೇ ಬದಲಾಗಿ, ಅರುವತ್ತಕ್ಕಿಂತ ಹೆಚ್ಚು ಆಸನಗಳ ಪ್ರಯಾಣಿಕ ವಿಮಾನಗಳಿಗೆ ಗುಂಡೇಟಿಗೂ ಬಗ್ಗದ ಕಾಕ್‌ಪಿಟ್ ಬಾಗಿಲು 2003ರ ನವೆಂಬರ್‌ನಿಂದ ಕಡ್ಡಾಯವಾಯಿತು. ನಾವು ಕಾಫಿ ಕೊಡಲು ಹೋಗಬೇಕಾದರೂ ಮೊದಲು ಇಂಟರ್‌ಕಾಮ್‌ನಲ್ಲಿ ಕರೆ ಮಾಡಿ, ಪೈಲಟ್‌ಗಳು ನಮ್ಮನ್ನು ಗುರುತಿಸಿ ಒಳಗಿನಿಂದ ತೆರೆಯುವವರೆಗೆ ಕಾಯುತ್ತಿದ್ದೆವು.

ನಿಯಮ ಕಾಗದದ ಮೇಲಷ್ಟೇ ಇದೆ ಎಂದು ಭಾವಿಸಬೇಡಿ. 2023ರ ಫೆಬ್ರವರಿಯಲ್ಲಿ ದುಬೈ–ದೆಹಲಿ ಹಾರಾಟವೊಂದರಲ್ಲಿ, ಪ್ರಯಾಣಿಕರಾಗಿ ಬಂದಿದ್ದ ಅದೇ ಸಂಸ್ಥೆಯ ಸಿಬ್ಬಂದಿಯೊಬ್ಬರನ್ನು ಕಾಕ್‌ಪಿಟ್‌ಗೆ ಬಿಟ್ಟುಕೊಂಡದ್ದಕ್ಕೆ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಪೈಲಟ್‌ನ ಪರವಾನಗಿಯನ್ನು ಮೂರು ತಿಂಗಳು ಅಮಾನತುಗೊಳಿಸಿ, ಸಂಸ್ಥೆಗೆ 30 ಲಕ್ಷ ರೂಪಾಯಿ ದಂಡ ವಿಧಿಸಿತು. ಸ್ವಂತ ಸಿಬ್ಬಂದಿಗೇ ಹೀಗಾದರೆ ನಮ್ಮ ಮಕ್ಕಳ ಮಾತು ಹೇಳಬೇಕಾಗಿಲ್ಲ.

ಉತ್ತರ (ಸಕಲೇಶಪುರದಿಂದ):
ಮೇಲಿನವರ ಮಾಹಿತಿ ಸರಿ, ಆದರೆ ಬಾಗಿಲು ಮುಚ್ಚಿದ್ದರಿಂದಲೇ ಎಲ್ಲವೂ ಸುರಕ್ಷಿತವಾಯಿತೆಂಬ ಧ್ವನಿಗೆ ನನ್ನ ಆಕ್ಷೇಪವಿದೆ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನದ ಸಹಪೈಲಟ್, ಹೊರಗೆ ಹೋಗಿದ್ದ ಕ್ಯಾಪ್ಟನ್ ಮರಳಿ ಬರದಂತೆ ಇದೇ ಬಾಗಿಲನ್ನು ಭದ್ರಪಡಿಸಿ ವಿಮಾನವನ್ನು ಬೆಟ್ಟಕ್ಕೆ ಅಪ್ಪಳಿಸಿದಾಗ 150 ಜನ ಸತ್ತರು.

ಉತ್ತರ (ಚಿಕ್ಕಮಗಳೂರಿನಿಂದ):
ತಮ್ಮ ಆಕ್ಷೇಪ ನ್ಯಾಯವಾದದ್ದೇ. ಆ ಘಟನೆಯ ನಂತರ ಅನೇಕ ಸಂಸ್ಥೆಗಳು ಒಬ್ಬ ಪೈಲಟ್ ಹೊರಬಂದರೆ ಸಿಬ್ಬಂದಿಯೊಬ್ಬರು ಒಳಗೆ ನಿಲ್ಲಬೇಕೆಂಬ ಕ್ರಮ ತಂದವು. ಆದರೆ ಭಯೋತ್ಪಾದನೆಯನ್ನು ಪಕ್ಕಕ್ಕಿಟ್ಟರೂ ಮಕ್ಕಳ ವಿಷಯ ಬೇರೆಯೇ ಇದೆ. 1994ರ ಮಾರ್ಚ್‌ನಲ್ಲಿ ಮಾಸ್ಕೋದಿಂದ ಹಾಂಗ್‌ಕಾಂಗ್‌ಗೆ ಹೊರಟಿದ್ದ ಏರೋಫ್ಲಾಟ್ ವಿಮಾನದಲ್ಲಿ ಪೈಲಟ್ ತನ್ನ ಹದಿಹರೆಯದ ಮಗನನ್ನು ತನ್ನ ಆಸನದಲ್ಲಿ ಕೂರಿಸಿದ್ದರು. ಹುಡುಗ ಚುಕ್ಕಾಣಿಯನ್ನು ಒತ್ತಿ ಹಿಡಿದುದರಿಂದ ವಿಮಾನವನ್ನು ತಾನಾಗಿ ನಡೆಸುವ ಆಟೋಪೈಲಟ್ ಭಾಗಶಃ ಕಳಚಿಕೊಂಡದ್ದು ಯಾರ ಗಮನಕ್ಕೂ ಬರಲಿಲ್ಲ. ವಿಮಾನ ವಾಲುತ್ತಾ ಹೋಗಿ ಸೈಬೀರಿಯಾದಲ್ಲಿ ಬಿದ್ದು 75 ಮಂದಿ ಪ್ರಾಣ ಕಳೆದುಕೊಂಡರು.

ಹಾಸನದವರಿಗೆ ನನ್ನ ಸಲಹೆ ಇಷ್ಟು: ದೆಹಲಿಯಲ್ಲಿ ಇಳಿದು ಇಂಜಿನ್ ನಿಂತ ಮೇಲೆ ಅವಸರ ಮಾಡದೆ, ಎಲ್ಲರೂ ಇಳಿದ ನಂತರ ಮುಂದಿನ ಬಾಗಿಲಿನ ಬಳಿ ಸಿಬ್ಬಂದಿಯನ್ನು ವಿನಯದಿಂದ ಕೇಳಿ. ಸಂಸ್ಥೆಯ ನಿಯಮ ಒಪ್ಪಿ, ಕ್ಯಾಪ್ಟನ್‌ಗೆ ಬಿಡುವಿದ್ದರೆ ಎರಡು ನಿಮಿಷ ತೋರಿಸುವವರು ಈಗಲೂ ಇದ್ದಾರೆ. ಹತ್ತುವಾಗ ಕೇಳಬೇಡಿ, ಆಗ ಅವರಿಗೆ ತಲೆಯೆತ್ತಲೂ ಪುರುಸೊತ್ತಿರುವುದಿಲ್ಲ. ಹಿಂದಿನ ಏಣಿಯಿಂದ ಇಳಿಸಿದರೆ ಅವಕಾಶ ತಪ್ಪುತ್ತದೆ, ಆದ್ದರಿಂದ ಮುಂದಿನ ಸಾಲುಗಳಲ್ಲಿ ಆಸನ ಹಿಡಿಯಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಏರ್ ಡೆಕ್ಕನ್ ವಿಮಾನ ಸಂಸ್ಥೆ ಕಟ್ಟಿದ ಗೊರೂರಿನ ಗೋಪಿನಾಥ್ ಅವರೇ ‘ಕ್ಯಾಪ್ಟನ್’ ಆದದ್ದು ಸೇನೆಯಲ್ಲಿ, ಕಾಕ್‌ಪಿಟ್‌ನಲ್ಲಿ ಅಲ್ಲ ಎಂದು ಹೇಳಿ ಮಗನನ್ನು ಸದ್ಯಕ್ಕೆ ಸಮಾಧಾನಪಡಿಸಿದ್ದೇನೆ. ನಾಲ್ಕನೆಯ ಸಾಲಿನಲ್ಲಿ ಮೂರು ಆಸನ ಕಾಯ್ದಿರಿಸಿದ್ದಾಯಿತು.